ಅಮಾವಾಸ್ಯೆಯ ದಿನ ತೂಗಿದ ಲಾರಿಗಳು

ಹೋದ ತಿಂಗಳು ಹುಬ್ಬಳ್ಳಿಯಲ್ಲಿ ನಮ್ಮ ಕಾಲೇಜಿನ ಸಹೋದ್ಯೋಗಿಯೊಬ್ಬರು ಹೊಸ ಕಾರು ತಂದರು. ಆವರಣದಲ್ಲೇ ಪೂಜೆ ಮಾಡಿಸಿದರು. ನಾಲ್ಕು ಗಾಲಿಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟು ಕಾರನ್ನು ಮುಂದಕ್ಕೆ ಬಿಟ್ಟಾಗ ಅವು ಪಚಕ್ಕನೆ ಒಡೆದವು. ನಿಂಬೆರಸ, ರಬ್ಬರು, ಡೀಸೆಲ್ಲು, ಊದುಬತ್ತಿ ಎಲ್ಲ ಸೇರಿದ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಇಪ್ಪತ್ನಾಲ್ಕು ವರ್ಷದವಳಾಗಿ ಯಶವಂತನಗರದ ರಸ್ತೆಯ ಪಕ್ಕ ನಿಂತಿದ್ದೆ. ಸಾಲುಗಟ್ಟಿದ ಲಾರಿಗಳು, ತೊಳೆದ ಬಾನೆಟ್ಟುಗಳ ಮೇಲೆ ವಿಭೂತಿ, ಚೆಂಡುಹೂವಿನ ಮಾಲೆ, ಕೈಗೆ ಬಂದ ಕೊಬ್ಬರಿ ಚೂರು. ನನ್ನ ಜೀವನದ ಅತ್ಯಂತ ಸಂತೋಷದ ಕೆಲಸದ ದಿನ ಯಾವುದೆಂದು ಯಾರಾದರೂ ಕೇಳಿದ್ದರೆ ಅದೇ ದಿನವನ್ನು ಹೇಳುತ್ತಿದ್ದೆ. ಹೇಳಿಯೂ ಇದ್ದೇನೆ, ವಿದ್ಯಾರ್ಥಿಗಳಿಗೆ, ಎಷ್ಟೋ ಸಲ.

ಡೈರಿ ಬರೆಯುವವರಿಗೆ ಒಂದು ಚಾಳಿ ಇರುತ್ತದೆ. ನೆನಪು ಸಿಹಿಯಾಗಿದ್ದರೆ ಅದನ್ನು ಇನ್ನೊಮ್ಮೆ ಚಪ್ಪರಿಸಲು ಹಳೆಯ ಪುಟ ಹುಡುಕುತ್ತಾರೆ. ಆ ಸಂಜೆ ಟ್ರಂಕಿನಿಂದ ಆ ವರ್ಷದ ಡೈರಿ ತೆಗೆದೆ. ಪುಟ ಸಿಕ್ಕಿತು. ಏಳು ಸಾಲು. ಓದಿದೆ. ಅನ್ನಕ್ಕಿಟ್ಟ ಕುಕ್ಕರು ಎಷ್ಟು ಸಲ ಕೂಗಿತೋ ಗೊತ್ತಿಲ್ಲ, ಅನ್ನ ಸೀದ ವಾಸನೆ ಬಂದಾಗಲೇ ಎದ್ದದ್ದು.

ಆ ಏಳು ಸಾಲುಗಳಿಗೆ ಮೊದಲು ಆ ಮಳೆಗಾಲವನ್ನು ಹೇಳಬೇಕು. ಆ ವರ್ಷ ಹೊಸಪೇಟೆಯ ಚಿತ್ತವಾಡ್ಗಿಯಲ್ಲಿ ಕಾಲುವೆಯ ಸೇತುವೆ ಕುಸಿಯಿತು. ನಮ್ಮ ಆಫೀಸಿನ ಹುಲಿಗೆಪ್ಪಣ್ಣನ ಹೆಂಡತಿ ರತ್ನಕ್ಕ ಅದರಡಿ ಸಿಕ್ಕು ಒಂದು ಕಾಲು ಕಳೆದುಕೊಂಡರು. ಅದರಲ್ಲಿ ನನ್ನ ಪಾಲೇನೂ ಇಲ್ಲವೆಂದು ಹದಿನೆಂಟು ವರ್ಷ ನಂಬಿಕೊಂಡು ಬಂದಿದ್ದೆ.

ಅವು ಸಂಡೂರಿನ ಗುಡ್ಡಗಳು ಲಾರಿ ಹತ್ತಿ ರೈಲಿಗೆ, ರೈಲಿನಿಂದ ಹಡಗಿಗೆ ಹೋಗುತ್ತಿದ್ದ ವರ್ಷಗಳು. ಹೊಸಪೇಟೆಯಲ್ಲಿ ಬಿಳಿ ಅಂಗಿ ಒಂದು ದಿನಕ್ಕಿಂತ ಹೆಚ್ಚು ಬಿಳಿಯಾಗಿ ಉಳಿಯುತ್ತಿರಲಿಲ್ಲ. ನಾನು ಎಂ.ಟೆಕ್ ಮುಗಿಸಿ ಒಂದು ವಿಶ್ವವಿದ್ಯಾಲಯದ ಸಂಶೋಧನಾ ಕೇಂದ್ರಕ್ಕೆ ಸಹಾಯಕಿಯಾಗಿ ಸೇರಿದ್ದೆ. ಊರಿನ ರಸ್ತೆ, ಸೇತುವೆ, ನೀರಿನ ಕೊಳವೆ, ಚರಂಡಿ ಇವೆಲ್ಲ ಏಟು ತಿಂದರೂ ನಿಲ್ಲುವಂತೆ ಮಾಡುವುದು ಹೇಗೆಂದು ಅಧ್ಯಯನ ಮಾಡುವ ಕೇಂದ್ರ. ಹೆಸರು ದೊಡ್ಡದು, ಜಾಗ ಊರಂಚಿನ ಒಂದು ಹಳೆಯ ಶೆಡ್ಡು. ಕಾಂಕ್ರೀಟಿನ ಘನಗಳನ್ನು ಒತ್ತಿ ಒಡೆಯುವ ಒಂದು ಯಂತ್ರ, ಆ ಘನಗಳನ್ನು ನೆನೆಹಾಕುವ ನೀರಿನ ತೊಟ್ಟಿ, ಒಂದು ಕಂಪ್ಯೂಟರು. ಮತ್ತೆ ಹಾರ್ಮೋನಿಯಂ ಪೆಟ್ಟಿಗೆಯಂಥ ಎರಡು ಪೆಟ್ಟಿಗೆಗಳಲ್ಲಿ ತೂಕದ ಪ್ಯಾಡುಗಳು. ರಸ್ತೆಯ ಮೇಲೆ ಅವನ್ನು ಹಾಸಿ ಲಾರಿಯ ಗಾಲಿ ಹತ್ತಿಸಿದರೆ ಪ್ರತಿ ಅಚ್ಚಿನ ಭಾರ ತೋರಿಸುತ್ತಿದ್ದವು.

ನಮ್ಮ ಸರ್ ಮೈಸೂರಿನ ಕಡೆಯವರು, ದಪ್ಪ ದೇಹದ, ಮೆತ್ತಗಿನ ಮಾತಿನ ಪ್ರೊಫೆಸರು. ಬಂದ ಅತಿಥಿಗಳನ್ನೆಲ್ಲ ಹಂಪಿಗೆ ಕರೆದೊಯ್ದು, ಕಲ್ಲಿನ ಕಾಲುವೆಯ ಪಕ್ಕ ನಿಲ್ಲಿಸಿ, "ಇದನ್ನು ಕಟ್ಟಿದವರಿಗೆ ಪ್ರಯೋಗಾಲಯ ಇರಲಿಲ್ಲ" ಅನ್ನುತ್ತಿದ್ದರು. ಅದು ಹೊಗಳಿಕೆಯೋ ನಮಗೆ ಎಚ್ಚರಿಕೆಯೋ ಆಗ ತಿಳಿಯುತ್ತಿರಲಿಲ್ಲ.

ಕೇಂದ್ರದ ಅಟೆಂಡರು ಹುಲಿಗೆಪ್ಪಣ್ಣ. ಐವತ್ತರ ಹತ್ತಿರ ವಯಸ್ಸು. ಈ ಕೆಲಸಕ್ಕೆ ಬರುವ ಮೊದಲು ಹತ್ತು ವರ್ಷ ಲಾರಿ ಕ್ಲೀನರ್ ಆಗಿದ್ದವರು. ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಯಂತ್ರದ ಮೇಲಿನ ಕೆಂಪು ಧೂಳು ಒರೆಸುವುದು ಅವರ ಕೆಲಸ. "ಸಂಡೂರು ಗುಡ್ಡ ದಿನಾ ಇಷ್ಟಿಷ್ಟ ನಮ್ಮ ಲ್ಯಾಬಿಗೆ ಬರಾಕತ್ತೈತಿ ಮೇಡಂ. ಇನ್ನೊಂದ ಹತ್ತ ವರ್ಷ ತಡೀರಿ, ಇಲ್ಲೇ ಮೈನಿಂಗ್ ಹಚ್ಚಬಹುದು" ಅನ್ನುತ್ತಿದ್ದರು.

ಅವರ ಹೆಂಡತಿ ರತ್ನಕ್ಕ ಚಿತ್ತವಾಡ್ಗಿಯಲ್ಲಿ ಒಗ್ಗಾಣಿ ಮಿರ್ಚಿ ಮಾಡಿ ಮಾರುತ್ತಿದ್ದರು. ನಾನು ಅಲ್ಲೇ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದರಿಂದ ಬೆಳಗಿನ ತಿಂಡಿ ಅವರ ಹತ್ತಿರವೇ. "ಬಂದ್ಲು ನೋಡು ಕಂಪ್ಲಿ ಅಕ್ಕಿ" ಎಂದು ನನ್ನನ್ನು ಕೂಗುತ್ತಿದ್ದರು. ನಮ್ಮಪ್ಪನದು ಕಂಪ್ಲಿಯಲ್ಲಿ ಅಕ್ಕಿ ಗಿರಣಿ, ಅದಕ್ಕೆ.

ಆಷಾಢದಲ್ಲಿ ಒಂದು ಕಚೇರಿಯಿಂದ ಪತ್ರ ಬಂತು. ಮುಖ್ಯ ರಸ್ತೆಯ ದುರಸ್ತಿ ನಡೆದಷ್ಟು ದಿನ ಅದಿರಿನ ಲಾರಿಗಳನ್ನು ಚಿತ್ತವಾಡ್ಗಿಯ ಸೇತುವೆಯ ಮೇಲೆ ತಿರುಗಿಸಬೇಕಾಗಿದೆ. ಹಳೆಯ ಸೇತುವೆ ಆ ಭಾರ ತಾಳುತ್ತದೆಯೇ? ಸೇತುವೆಯ ಕಾಂಕ್ರೀಟು ಕೊರೆದು ಒಡೆದು ನೋಡಿದ್ದಾಯಿತು. ಇನ್ನು ತಿಳಿಯಬೇಕಾದದ್ದು ಲಾರಿಗಳು ನಿಜವಾಗಿ ಎಷ್ಟು ಭಾರ ಹೊರುತ್ತವೆ ಎಂಬುದೊಂದೇ. ಸರ್ ಹೇಳಿದರು, "ಮೂರು ದಿನ ರಸ್ತೆಯಲ್ಲಿ ನಿಂತುಕೊಳ್ಳಿ. ಕಡಿಮೆ ಅಂದರೆ ಮೂವತ್ತು ಲಾರಿ ತೂಗಿ."

ಹೊರಟದ್ದು ನಾನು ಮತ್ತು ಹುಲಿಗೆಪ್ಪಣ್ಣ ಇಬ್ಬರೇ. ಯಶವಂತನಗರ ದಾಟಿ ರಸ್ತೆ ಅಗಲವಾಗುವಲ್ಲಿ, ಒಂದು ಪಂಕ್ಚರ್ ಅಂಗಡಿಯ ಎದುರು ಪ್ಯಾಡು ಹಾಸಿದೆವು. ಮೊದಲ ದಿನ ಒಂದು ಲಾರಿಯೂ ನಿಲ್ಲಲಿಲ್ಲ. ಕೈ ತೋರಿಸಿದರೆ ಹಾರನ್ ಹೊಡೆದು ಇನ್ನಷ್ಟು ಜೋರು. ತಾಡಪತ್ರಿ ಹೊದ್ದ ಅದಿರು ಬಾಡಿಯ ಮೇಲೆ ಗುಪ್ಪೆಯಾಗಿ ಎದ್ದಿರುತ್ತಿತ್ತು. ಎರ್ರಿಸ್ವಾಮಿ ಎಂಬ ಡ್ರೈವರು ಮಾತ್ರ ಸ್ವಲ್ಪ ನಿಧಾನಿಸಿ ತಲೆ ಹೊರಗೆ ಹಾಕಿದ.

"ಏನ್ ತೂಗ್ತೀರಿ ಮೇಡಂ?"

"ಲಾರಿ. ಐದು ನಿಮಿಷ ಅಷ್ಟೇ. ದಂಡ ಗಿಂಡ ಏನೂ ಇಲ್ಲ, ನಾವು ಯೂನಿವರ್ಸಿಟಿಯವರು."

"ಮೊದ್ಲ ನಿಮ್ ಸಾಹೇಬ್ರನ್ನ ತೂಗ್ರಿ. ಅವ್ರ ಜೀಪ್ ಒಂದ್ ಕಡಿ ವಾಲತೈತಿ" ಎಂದು ಹೋಗಿಬಿಟ್ಟ. ಪಂಕ್ಚರ್ ಅಂಗಡಿಯವನು ಇಡೀ ದಿನ ನಕ್ಕ.

ಎರಡನೆಯ ದಿನ ಮಳೆ. ಪ್ಯಾಡಿನ ಮೇಲೆ ಕೆಸರು. ಅವತ್ತೂ ಒಂದೂ ಇಲ್ಲ. ಸಂಜೆ ಕೋಣೆಗೆ ಬಂದು ಅತ್ತದ್ದು ನೆನಪಿದೆ. ಡೈರಿಯಲ್ಲಿ ಮಾತ್ರ "ಕಾಲು ನೋವು" ಎಂದಷ್ಟೇ ಇದೆ. ಯಾವುದು ನಿಜವೋ, ಬಹುಶಃ ಎರಡೂ.

ಮೂರನೆಯ ದಿನ ಬಿಸಿಲು. ರಸ್ತೆಯ ಇಕ್ಕೆಲದಲ್ಲಿ ಲಾರಿಗಳು ನಿಂತಿದ್ದವು. ಡ್ರೈವರುಗಳು ಸ್ನಾನ ಮಾಡಿ, ಹಣೆಗೆ ವಿಭೂತಿ ಹಚ್ಚಿ, ಕಾಯಿ ಒಡೆಯುತ್ತಿದ್ದರು. ಗಾಲಿಗೆ ನಿಂಬೆಹಣ್ಣು. ಎರ್ರಿಸ್ವಾಮಿ ತಾನೇ ಬಂದು ಕೊಬ್ಬರಿ ಕೊಟ್ಟ. "ಇವತ್ತ ತೂಗ್ರಿ ಮೇಡಂ, ಎಷ್ಟ ಬೇಕಾದ್ರೂ ತೂಗ್ರಿ! ಇವತ್ತ ನಮ್ ಗಾಡಿ ಮದುಮಗಳಿದ್ದಂಗ!" ಪೂಜೆ ಮುಗಿಸಿ ಗುಡ್ಡದ ಮೇಲೆ ಹೋಗಿ ಲೋಡು ಮಾಡಿಕೊಂಡು ಬಂದ ಲಾರಿಗಳು ಒಂದರ ಹಿಂದೊಂದು ನಮ್ಮ ಪ್ಯಾಡು ಹತ್ತಿದವು. ನಾನು ಬರೆದೆ, ಹುಲಿಗೆಪ್ಪಣ್ಣ ಕೈ ತೋರಿಸಿದರು. ಊಟದ ಹೊತ್ತಿಗೆ ಮೂವತ್ತು ಮುಗಿದಿತ್ತು. ಭಾರವೆಲ್ಲ ಕಾನೂನಿನ ಮಿತಿಯ ಆಸುಪಾಸಿನಲ್ಲೇ. ಜನ ಸುಮ್ಮನೆ ಓವರ್‌ಲೋಡು ಓವರ್‌ಲೋಡು ಅಂತ ಬಾಯಿ ಬಡಿದುಕೊಳ್ಳುತ್ತಾರೆ, ಅಳೆದು ನೋಡಿದವರು ಯಾರೂ ಇಲ್ಲ ಎಂದುಕೊಂಡೆ. ಅಳೆದು ನೋಡಿದವಳು ನಾನು ಎಂಬ ಹೆಮ್ಮೆ ಇತ್ತು.

ವರದಿಯ ಕೋಷ್ಟಕಕ್ಕೆ ನಾನೇ ತಲೆಬರಹ ಕೊಟ್ಟೆ: ಮೂರು ದಿನಗಳ ಸಮೀಕ್ಷೆ, ಮೂವತ್ತು ಲಾರಿಗಳು. ಎರಡೂ ಮಾತು ನಿಜವೇ. ಲಾರಿಯ ಸಂಖ್ಯೆ, ಹೊತ್ತು, ಮುಂದಿನ ಅಚ್ಚು, ಹಿಂದಿನ ಅಚ್ಚು ಎಂದು ಕಾಲಂ ಇದ್ದವು. ಯಾವ ದಿನ ಎಂಬ ಕಾಲಂ ಇರಲಿಲ್ಲ. ಸರ್ ಕೇಳಲೂ ಇಲ್ಲ. ಈಗಿನ ಭಾರವನ್ನು ಸೇತುವೆ ತಾಳುತ್ತದೆ, ಎರಡು ವರ್ಷದೊಳಗೆ ಬಲಪಡಿಸಬೇಕು ಎಂದು ಬರೆದು ಅವರು ಸಹಿ ಮಾಡಿದರು, ಕೆಳಗೆ ನಾನು.

ಲಾರಿಗಳು ಚಿತ್ತವಾಡ್ಗಿಗೆ ತಿರುಗಿದವು. ಸೇತುವೆ ಸಣ್ಣದಾದ್ದರಿಂದ ಎದುರಿನವು ದಾಟುವವರೆಗೆ ಈ ಕಡೆಯವು ಸಾಲಾಗಿ ಕಾಯಬೇಕು. ಕಾಯುವ ಡ್ರೈವರಿಗೆ ಹಸಿವು. ರತ್ನಕ್ಕ ತಮ್ಮ ಬಂಡಿಯನ್ನು ಓಣಿಯೊಳಗಿನಿಂದ ಸೇತುವೆಯ ತಡೆಗೋಡೆಯ ಬುಡಕ್ಕೆ ತರಬೇಕೆಂದರು. ಹುಲಿಗೆಪ್ಪಣ್ಣ ಎರಡು ದಿನ ಏನೂ ಹೇಳಲಿಲ್ಲ. ಮೂರನೆಯ ದಿನ ಒರೆಸುವ ಬಟ್ಟೆ ಹೆಗಲಿಗೆ ಹಾಕಿಕೊಂಡು ನನ್ನ ಮೇಜಿನ ಹತ್ತಿರ ಬಂದರು.

"ಮೇಡಂ, ಆ ಬ್ರಿಜ್ಜು ಗಟ್ಟಿ ಐತೇನ್ರಿ?"

"ವರದಿ ನೀವೇ ಜೆರಾಕ್ಸ್ ಮಾಡಿಸಿ ತಂದಿರಲ್ಲ ಹುಲಿಗೆಪ್ಪಣ್ಣ."

"ನನಗ ಇಂಗ್ಲೀಷ್ ಬರಂಗಿಲ್ರಿ. ನೀವು ಬಾಯಿಲೆ ಹೇಳ್ರಿ."

"ಗಟ್ಟಿ ಇದೆ" ಅಂದೆ.

ಇದು ಡೈರಿಯಲ್ಲಿ ಇಲ್ಲ. ಆದರೆ ಇದು ನೆನಪಿದೆ, ಅವರ ಹೆಗಲ ಮೇಲಿನ ಬಟ್ಟೆಯ ಕೆಂಪು ಕಲೆಯ ಸಮೇತ.

ಕಾರ್ತಿಕದ ಒಂದು ಮಧ್ಯಾಹ್ನ ನಾನು ತೊಟ್ಟಿಯಿಂದ ಘನಗಳನ್ನು ತೆಗೆಯುತ್ತಿದ್ದೆ. ಗುಡುಗಿನಂಥ ಸದ್ದು ಕೇಳಿತು. ಆಕಾಶ ಬೋಳಾಗಿತ್ತು. ಫೋನು ಬಂದದ್ದು ಹುಲಿಗೆಪ್ಪಣ್ಣನಿಗೆ. ಅವರು "ಹಾಂ" ಅಂದರು, ಇನ್ನೊಮ್ಮೆ "ಹಾಂ" ಅಂದರು, ಫೋನನ್ನು ಯಂತ್ರದ ಮೇಲೆ ಇಟ್ಟು, ಚಪ್ಪಲಿ ಹಾಕಿಕೊಳ್ಳದೆ ಓಡಿದರು.

ನಾನು ತಲುಪಿದಾಗ ಸೇತುವೆಯ ಒಂದು ಅಂಚು ಮಂಚದ ಕಾಲು ಮುರಿದಂತೆ ಕುಸಿದಿತ್ತು. ಲಾರಿ ಕಾಲುವೆಗೆ ಓರೆಯಾಗಿ ನಿಂತಿತ್ತು. ಡ್ರೈವರು ಹಾರಿಕೊಂಡು ಉಳಿದಿದ್ದ. ತಡೆಗೋಡೆ ಬಂಡಿಯ ಮೇಲೆ ಬಿದ್ದಿತ್ತು. ಕಾದ ಎಣ್ಣೆ ಮಣ್ಣಿನಲ್ಲಿ ಇನ್ನೂ ನೊರೆಯಾಡುತ್ತಿತ್ತು, ಅದರೊಳಗೆ ಬೆಂದ ಮೆಣಸಿನಕಾಯಿಗಳು. ಜನ ಕಲ್ಲು ಎತ್ತುತ್ತಿದ್ದರು. ರತ್ನಕ್ಕನಿಗೆ ಎಚ್ಚರವಿತ್ತು. ನನ್ನನ್ನು ನೋಡಿ, "ಕಂಪ್ಲಿ ಅಕ್ಕಿ, ಸ್ಟೋವ್ ಆರಿಸು, ಸ್ಟೋವ್ ಆರಿಸು" ಎಂದರು. ಸ್ಟೋವು ಎಲ್ಲಿತ್ತೋ. ನಾನು ನಿಂತೇ ಇದ್ದೆ. ಕೈಯಲ್ಲಿ ಒದ್ದೆ ಕಾಂಕ್ರೀಟಿನ ಒಂದು ಘನವಿತ್ತು. ಅದನ್ನು ಹಿಡಿದುಕೊಂಡೇ ಆಟೋ ಹತ್ತಿ ಬಂದಿದ್ದೆ.

ಮರುದಿನ ಬೆಳಿಗ್ಗೆ ಅಪ್ಪ ಕಂಪ್ಲಿಯಿಂದ ಫೋನು ಮಾಡಿದರು. "ಗದ್ದಿ ಕಾಲುವಿ ನೀರು ಕೆಂಪಾಗೈತಂತ ಜನ ಹೇಳಾಕತ್ತಾರ. ನಿಮ್ ಕಡಿ ಏನಾತವ್ವ?" ಲಾರಿಯಿಂದ ಸುರಿದ ಅದಿರು ಅಷ್ಟು ದೂರ ಹರಿದಿತ್ತು.

ಆಸ್ಪತ್ರೆಯಲ್ಲಿ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು. ವಿಚಾರಣೆ ನಡೆಯಿತು: ಹಳೆಯ ಸೇತುವೆ, ಒಂದು ಓವರ್‌ಲೋಡ್ ಲಾರಿ. ಸರ್ ಬಿಳುಚಿದ್ದರು. "ನೂರರಲ್ಲಿ ಒಂದು ಲಾರಿ ಹೀಗೆ ಬಂದರೆ ನಮ್ಮ ಲೆಕ್ಕ ಏನು ಮಾಡೀತಮ್ಮ" ಅಂದರು. ಆ 'ಒಂದು ಲಾರಿ' ಎಂಬ ಮಾತನ್ನು ನಾನು ಗಟ್ಟಿಯಾಗಿ ಹಿಡಿದುಕೊಂಡೆ. ವರ್ಷ ತುಂಬುವ ಮೊದಲೇ ಬೇರೆ ಕೆಲಸ ಸಿಕ್ಕಿ ಹುಬ್ಬಳ್ಳಿಗೆ ಬಂದೆ. ಹೊರಡುವ ದಿನ ಹುಲಿಗೆಪ್ಪಣ್ಣ ನನ್ನ ಟ್ರಂಕನ್ನು ಬಸ್ಸಿಗೆ ಹಾಕಿದರು. ಇದೇ ಟ್ರಂಕು.

ಈಗ ಆ ಏಳು ಸಾಲು.

"ಬೆಳಿಗ್ಗೆ ಆರಕ್ಕೆ ಯಶವಂತನಗರ. ಬಿಸಿಲು. ಹುಲಿಗೆಪ್ಪಣ್ಣ: ಇವತ್ತು ಅಮಾಸಿ ಮೇಡಂ, ಇವತ್ತು ತೂಗೋದು ಬ್ಯಾಡ. ನಾನು ನಕ್ಕೆ. ವಿಜ್ಞಾನಕ್ಕೆ ಯಾವ ಅಮಾವಾಸ್ಯೆ ಎಂದೆ. ಎರ್ರಿಸ್ವಾಮಿ ಹೇಳಿದ್ದು ತಮಾಷೆಯಾಗಿದೆ: ಅಮಾವಾಸ್ಯೆಯ ಮೊದಲ ಟ್ರಿಪ್ಪು ದೇವರ ಟ್ರಿಪ್ಪಂತೆ, ಯಾರೂ ಗುಪ್ಪೆ ಹಾಕುವುದಿಲ್ಲವಂತೆ, ಬಾಡಿಯ ಅಂಚಿಗೆ ಮಟ್ಟ ಮಾಡಿ ತರುತ್ತಾರಂತೆ. ಮೂವತ್ತೂ ಸಿಕ್ಕವು!! ಇಂಥ ದಿನ ಇನ್ನೊಂದಿಲ್ಲ."

ಎಲ್ಲವನ್ನೂ ನಾನೇ ಬರೆದಿಟ್ಟಿದ್ದೆ. ನನ್ನದೇ ದುಂಡಗಿನ ಅಕ್ಷರ, ನೀಲಿ ಶಾಯಿ. ತಿಂಗಳಲ್ಲಿ ಒಂದೇ ಒಂದು ದಿನ, ಆ ದಿನದ ಒಂದೇ ಒಂದು ಟ್ರಿಪ್ಪು ಹಗುರ. ನಾನು ತೂಗಿದ್ದು ಆ ಟ್ರಿಪ್ಪನ್ನು. ಉಳಿದ ದಿನಗಳಲ್ಲಿ ನನ್ನ ಪ್ಯಾಡು ತಪ್ಪಿಸಿ ಓಡಿದ ಲಾರಿಗಳೆಲ್ಲ ಆಮೇಲೆ ಆ ಸೇತುವೆಯ ಮೇಲೆ ಹೋದವು. ಡ್ರೈವರುಗಳು ಅವತ್ತು ಯಾಕೆ ಹೆದರದೆ ಪ್ಯಾಡು ಹತ್ತಿದರೆಂದು ಒಂದು ಕ್ಷಣವೂ ಯೋಚಿಸಲಿಲ್ಲ. ಹಬ್ಬದ ಖುಷಿ ಅಂದುಕೊಂಡೆ. ಹುಲಿಗೆಪ್ಪಣ್ಣನ ಮಾತನ್ನು ಅಂಧಶ್ರದ್ಧೆ ಅಂದುಕೊಂಡೆ. ಮೊದಲೆರಡು ದಿನ ಎದ್ದಿದ್ದ ತಾಡಪತ್ರಿಗಳು ಅವತ್ತು ಚಪ್ಪಟೆಯಾಗಿದ್ದದ್ದು ಈಗ ಕಣ್ಣಿಗೆ ಕಟ್ಟುತ್ತದೆ. ನಿಜವಾಗಿ ನೆನಪೋ, ಡೈರಿ ಓದಿದ ಮೇಲೆ ಮನಸ್ಸು ಬಿಡಿಸಿದ ಚಿತ್ರವೋ, ಆಣೆ ಮಾಡಿ ಹೇಳಲಾರೆ. ನಾನು ಆಣೆ ಮಾಡಿ ಹೇಳಬಹುದಾದದ್ದು ಒಂದೇ: ಹದಿನೆಂಟು ವರ್ಷ ಆ ದಿನದ ಕಥೆ ಹೇಳುವಾಗ ನಾನು ನಿಂಬೆಹಣ್ಣು ಹೇಳಿದ್ದೇನೆ, ಕೊಬ್ಬರಿ ಹೇಳಿದ್ದೇನೆ, ಅಮಾವಾಸ್ಯೆ ಎಂದು ಒಮ್ಮೆಯೂ ಹೇಳಿಲ್ಲ.

ಭಾನುವಾರ ಡೈರಿಯನ್ನು ಚೀಲದಲ್ಲಿಟ್ಟುಕೊಂಡು ಹೊಸಪೇಟೆಗೆ ಹೋದೆ. ಧೂಳು ಕಡಿಮೆಯಾಗಿದೆ. ಚಿತ್ತವಾಡ್ಗಿಯಲ್ಲಿ ಹೊಸ ಸೇತುವೆ ಬಂದು ಅದೂ ಹಳತಾಗಿದೆ. ಹುಲಿಗೆಪ್ಪಣ್ಣ ನಿವೃತ್ತರಾಗಿದ್ದಾರೆ. ರತ್ನಕ್ಕ ಮನೆಯ ಕಟ್ಟೆಯ ಮೇಲೆ ಎತ್ತರದ ಸ್ಟೂಲಿನಲ್ಲಿ ಕೂತು ಈಗಲೂ ಮಿರ್ಚಿ ಕರಿಯುತ್ತಾರೆ. ಊರುಗೋಲು ಗೋಡೆಗೆ ಒರಗಿತ್ತು.

"ಅಯ್ಯ, ಕಂಪ್ಲಿ ಅಕ್ಕಿ! ಎಷ್ಟ ಹಳೀದಾದಿ! ಹಳೀ ಅಕ್ಕಿಗೇ ರೇಟು ಜಾಸ್ತಿ ಬಿಡು. ಕುಂದ್ರು, ಕುಂದ್ರು."

"ಮೇಡಂ ಅನ್ನು" ಎಂದರು ಹುಲಿಗೆಪ್ಪಣ್ಣ.

"ನಿನಗ ಮೇಡಂ. ನನಗ ಗಿರಾಕಿ."

ನಾನು ಕೂರಲಿಲ್ಲ. ಕೂತರೆ ಮಿರ್ಚಿ ತಿಂದು ಮಾತಾಡಿ ಎದ್ದುಬರುತ್ತೇನೆಂದು ಹೆದರಿ, ನಿಂತಲ್ಲೇ ಚೀಲ ಬಿಚ್ಚಿ ಆ ಪುಟ ಓದಿದೆ. ಆಮೇಲೆ ಅದರ ಅರ್ಥವನ್ನೂ ಹೇಳಿದೆ. ನಾನು ತೂಗಿದ ಲಾರಿಗಳು ಬೇರೆ, ಸೇತುವೆ ದಾಟಿದ ಲಾರಿಗಳು ಬೇರೆ. ವರದಿ ಸುಳ್ಳು. ತಪ್ಪು ನನ್ನದು. ಕ್ಷಮೆ ಕೇಳಲು ಬಂದಿದ್ದೇನೆ.

ರತ್ನಕ್ಕ ನನ್ನನ್ನು ನೋಡಲಿಲ್ಲ. ಜಾಲರಿ ಸೌಟು ಎಣ್ಣೆಯ ಮೇಲೆ ಹಾಗೇ ನಿಂತಿತ್ತು. ಅವರು ಗಂಡನನ್ನು ನೋಡುತ್ತಿದ್ದರು.

"ನೀ ಹೇಳಿದ್ದೇನು? ಇವತ್ತ ಬ್ಯಾಡ ಅಂತ?"

ಹುಲಿಗೆಪ್ಪಣ್ಣ ಗೋಡೆಗೆ ಒರಗಿದ್ದ ಊರುಗೋಲನ್ನು ಸರಿಸಿ ನಿಲ್ಲಿಸಿದರು.

"ನಿನಗ ಗೊತ್ತಿತ್ತು. ಗೊತ್ತಿದ್ದೂ ನನ್ನ ಅಲ್ಲಿ ಕುಂದ್ರಿಸಿದಿ."

ಆಗ ನನಗೆ ತಿಳಿಯಿತು, ಹುಲಿಗೆಪ್ಪಣ್ಣ ಈ ಮಾತನ್ನು ಹೆಂಡತಿಗೆ ಎಂದೂ ಹೇಳಿರಲಿಲ್ಲ. ಹದಿನೆಂಟು ವರ್ಷ ಒಬ್ಬರೇ ಹೊತ್ತಿದ್ದರು. ನನ್ನ ಭಾರ ಇಳಿಸಲು ಬಂದು ಅದನ್ನು ಆ ಕಟ್ಟೆಯ ಮೇಲೆ ನಾನು ಬಿಚ್ಚಿಟ್ಟಿದ್ದೆ.

"ಗೊತ್ತಿತ್ತು" ಅಂದರು ಹುಲಿಗೆಪ್ಪಣ್ಣ. ನೆಲ ನೋಡುತ್ತಿದ್ದರು. "ಅಮಾಸಿ ಲೋಡು ಹಗುರ ಅಂತ ಕ್ಲೀನರ್ ಇದ್ದವ್ನಿಗೆ ಗೊತ್ತಿರಂಗಿಲ್ಲೇನು? ಹೇಳಿದೆ. ಮೇಡಂ ನಕ್ರು. ಓದಿದೋರು ನಕ್ರು ಅಂದ್ರ ಅವರಿಗೂ ಗೊತ್ತೈತಿ ಅಂದ್ಕಂಡೆ. ಅವರ ಲೆಕ್ಕದಾಗ ಅಮಾಸಿಗೂ ಒಂದು ಕಾಲಂ ಇರ್ತೈತಿ, ಅದನ್ನ ಕಳದು ಬರೀತಾರ ಅಂದ್ಕಂಡೆ. ಆದ್ರೂ ಜೀವ ತಡೀಲಿಲ್ಲ. ಬಂಡಿ ಇಡಾಕ ಮೊದ್ಲ ಹೋಗಿ ಕೇಳಿದೆ. ಗಟ್ಟಿ ಐತೆಂದ್ರು."

ಎಣ್ಣೆ ಹೊಗೆಯಾಡತೊಡಗಿತು. ರತ್ನಕ್ಕ ಕೈ ಚಾಚಿ ಒಲೆ ಆರಿಸಿದರು. ಗಂಡನಿಗೆ ಅಂದರು, "ನೀ ಒಂದ್ ಸಲ ಹೇಳಿ ಸುಮ್ಕಾದಿ." ನನಗೆ ಅಂದರು, "ನೀ ಒಂದ್ ಸಲ ಕೇಳಿ ನಕ್ಕಿ."

ಅಷ್ಟೇ. ಬೈಗುಳ ಬಂದಿದ್ದರೆ ಸಹಿಸಬಹುದಿತ್ತು. ತಿರುಗಿ ಹೊರಟಾಗ ಅವರೇ ಕರೆದರು.

"ಆ ಹಾಳಿ ಹರದು ಕೊಡು."

"ರತ್ನಕ್ಕ, ನಿಮಗೆ ಓದಲು..."

"ಓದಾಕ ಬರಂಗಿಲ್ಲ. ಗೊತ್ತೈತಿ. ಇಂವ ಹೇಳಿದ್ದ ಅಂತ ಅದರಾಗ ಬರದೈತಲ್ಲ, ಅದು ನಮ್ಮನ್ಯಾಗ ಇರ್ಲಿ."

ಹರಿದು ಕೊಟ್ಟೆ. ಅವರು ಎಣ್ಣೆ ತಾಗದಂತೆ ಸೆರಗಿಗೆ ಕೈ ಒರೆಸಿಕೊಂಡು, ಅದನ್ನು ನಾಲ್ಕು ಮಡಿಕೆ ಮಾಡಿ, ಕುಪ್ಪಸದೊಳಗೆ ಇಟ್ಟರು. ಹುಲಿಗೆಪ್ಪಣ್ಣ ತಲೆ ಎತ್ತಲಿಲ್ಲ.

ಈಗ ಆ ದಿನದ ಬಗ್ಗೆ ನನ್ನ ಬಳಿ ಕಾಗದವಿಲ್ಲ, ನೆನಪೊಂದೇ ಇದೆ. ಅದರ ಗುಣ ನನಗೆ ಗೊತ್ತು. ಇನ್ನು ಕೆಲವು ವರ್ಷಗಳಲ್ಲಿ ಅದು ಮತ್ತೆ ನಿಂಬೆಹಣ್ಣು, ಕೊಬ್ಬರಿ, ಬಿಸಿಲು ಎಂದು ಶುರುಮಾಡುತ್ತದೆ. ಅದಕ್ಕೇ ಹುಬ್ಬಳ್ಳಿಯ ಬಸ್ಸು ಹೊರಡುವ ಮೊದಲೇ, ನಿಲ್ದಾಣದ ಬೆಂಚಿನ ಮೇಲೆ, ಹರಿದ ಪುಟದ ಪಕ್ಕದ ಖಾಲಿ ಜಾಗದಲ್ಲಿ ಇದನ್ನು ಬರೆದುಕೊಂಡೆ: ಅವತ್ತು ಅಮಾವಾಸ್ಯೆ. ಹುಲಿಗೆಪ್ಪಣ್ಣ ಹೇಳಿದ್ದರು. ನಾನು ನಕ್ಕಿದ್ದೆ.